ತೆರೆದ ನೀರಿನ ಈಜುಸ್ಪರ್ಧೆ: ಪಥ ಮತ್ತು ಸುರಕ್ಷತೆ

ಕಡಲು, ನದಿ, ಸರೋವರ, ಅಣೆಕಟ್ಟಿನ ಹಿನ್ನೀರು ಮುಂತಾದ ನೈಸರ್ಗಿಕ ಅಥವಾ ಅರೆನೈಸರ್ಗಿಕ ಜಲರಾಶಿಗಳಲ್ಲಿ ನಡೆಯುವ ದೂರದ ಈಜಿನ ಪೈಪೋಟಿಯನ್ನು ತೆರೆದ ನೀರಿನ ಈಜುಸ್ಪರ್ಧೆ ಎನ್ನುತ್ತಾರೆ. ಈಜುಕೊಳದ ಗೋಡೆ, ಸಾಲು ಬೇರ್ಪಡಿಸುವ ಹಗ್ಗ, ಕಣ್ಣಿಗೆ ಕಾಣುವ ತಳ ಇಲ್ಲಿಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದರ ನಿಯಮಗಳನ್ನು ರೂಪಿಸುವುದು ವರ್ಲ್ಡ್ ಅಕ್ವಾಟಿಕ್ಸ್ (ಹಿಂದಿನ ಹೆಸರು ಫಿನಾ). ಭಾರತದಲ್ಲಿ ಆ ಹೊಣೆ ಭಾರತೀಯ ಈಜು ಒಕ್ಕೂಟದ್ದು. 5 ಕಿ.ಮೀ., 10 ಕಿ.ಮೀ. ಮತ್ತು 25 ಕಿ.ಮೀ. ಈ ಕ್ರೀಡೆಯ ರೂಢಿಯ ದೂರಗಳು. 10 ಕಿ.ಮೀ. ಸ್ಪರ್ಧೆ 2008ರ ಬೀಜಿಂಗ್ ಕೂಟದಿಂದ ಒಲಿಂಪಿಕ್ಸ್‌ನಲ್ಲಿದೆ.

ರಸ್ತೆ ಓಟದಲ್ಲಿ ದಣಿದವರು ಬದಿಗೆ ಸರಿದು ಕೂರಬಹುದು. ನೀರಿನಲ್ಲಿ ಹಾಗೆ ಸರಿಯಲು ಬದಿಯೇ ಇಲ್ಲ. ಆದ್ದರಿಂದ ಈ ಕ್ರೀಡೆಯಲ್ಲಿ ಪಥದ ನಕ್ಷೆ ಒಂದು ಕೆಲಸ, ಸುರಕ್ಷತೆ ಇನ್ನೊಂದು ಕೆಲಸ ಎಂದು ವಿಂಗಡಿಸಿಕೊಂಡ ಆಯೋಜಕರು ಸಾಮಾನ್ಯವಾಗಿ ಎರಡರಲ್ಲೂ ಎಡವುತ್ತಾರೆ. ತಿರುವು ಎಲ್ಲಿ, ಹೊರಡುವ ಗಂಟೆ ಯಾವುದು, ಸೆಳವು ಯಾವ ಕಡೆಗೆ ಎಂಬ ತೀರ್ಮಾನಗಳು ದಡದ ಮೇಲೆ ಆಗುವ ಹೊತ್ತಿಗೇ ಅಪಾಯದ ಬಹುಪಾಲು ಗೊತ್ತಾಗಿರುತ್ತದೆ. ರಕ್ಷಣಾ ದೋಣಿಗೆ ಉಳಿಯುವುದು ಮಿಕ್ಕ ಪಾಲು ಮಾತ್ರ.

ಹಿನ್ನೆಲೆ

1810ರ ಮೇ 3ರಂದು ಕವಿ ಬೈರನ್ ಡಾರ್ಡನೆಲ್ಸ್ ಜಲಸಂಧಿಯನ್ನು ಈಜಿ ದಾಟಿದ್ದೂ, 1875ರ ಆಗಸ್ಟ್ 24-25ರಂದು ಕ್ಯಾಪ್ಟನ್ ಮ್ಯಾಥ್ಯೂ ವೆಬ್ 21 ಗಂಟೆ 45 ನಿಮಿಷಗಳಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದ್ದೂ ಒಂಟಿ ಸಾಹಸಗಳು. ಸ್ಪರ್ಧೆಯ ಇತಿಹಾಸದಲ್ಲಿ 1896ರ ಅಥೆನ್ಸ್ ಒಲಿಂಪಿಕ್ಸ್ ಮುಖ್ಯವಾದದ್ದು. ಅಲ್ಲಿನ ಈಜು ನಡೆದದ್ದು ಪಿರೇಯಸ್ ಬಳಿಯ ಜಿಯಾ ಕೊಲ್ಲಿಯಲ್ಲಿ. 1200 ಮೀಟರ್ ಸ್ಪರ್ಧಿಗಳನ್ನು ದೋಣಿಯಲ್ಲಿ ಕಡಲೊಳಗೆ ಒಯ್ದು ಇಳಿಸಿ ದಡಕ್ಕೆ ಈಜಿ ಬನ್ನಿ ಎಂದರು. ಹಂಗರಿಯ ಆಲ್ಫ್ರೆಡ್ ಹಾಯೋಸ್ ಮೈಗೆಲ್ಲ ಕೊಬ್ಬು ಬಳಿದುಕೊಂಡು ಚಳಿನೀರಿನಲ್ಲಿ ಮೊದಲಿಗನಾಗಿ ಬಂದ. ಗೆಲ್ಲುವುದಕ್ಕಿಂತ ಬದುಕಿ ಬರುವುದೇ ತನ್ನ ಚಿಂತೆಯಾಗಿತ್ತು ಎಂದು ಆಮೇಲೆ ಹೇಳಿಕೊಂಡ. ಈಗಿನ ನಿಯಮ ಪುಸ್ತಕದ ಕಣ್ಣಿನಿಂದ ನೋಡಿದರೆ ಆ ಪಥಕ್ಕೆ ಅನುಮತಿಯೇ ಸಿಗುತ್ತಿರಲಿಲ್ಲ.

ಭಾರತೀಯರಲ್ಲಿ ಈ ಈಜಿನ ಆಸೆ ಹಚ್ಚಿದವರು ಮಿಹಿರ್ ಸೇನ್ ಮತ್ತು ಆರತಿ ಸಾಹಾ. ಸೇನ್ 1958ರ ಸೆಪ್ಟೆಂಬರ್ 27ರಂದು ಇಂಗ್ಲಿಷ್ ಕಾಲುವೆ ದಾಟಿದರು. ಮರುವರ್ಷ ಸೆಪ್ಟೆಂಬರ್ 29ರಂದು ಆರತಿ ಸಾಹಾ ಅದನ್ನು ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. 1966ರ ಒಂದೇ ವರ್ಷದಲ್ಲಿ ಸೇನ್ ಪಾಕ್ ಜಲಸಂಧಿ, ಜಿಬ್ರಾಲ್ಟರ್, ಡಾರ್ಡನೆಲ್ಸ್, ಬಾಸ್ಫರಸ್ ಮತ್ತು ಪನಾಮಾ ಕಾಲುವೆಗಳನ್ನು ಈಜಿದರು. ಪಾಕ್ ಜಲಸಂಧಿಯ ಈಜಿಗೆ ನೌಕಾಪಡೆಯ ಬೆಂಗಾವಲಿತ್ತು.

ದೇಶದೊಳಗಿನ ಸ್ಪರ್ಧೆಗಳಲ್ಲಿ ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ 81 ಕಿ.ಮೀ. ಈಜಿಗೆ ವಿಶೇಷ ಸ್ಥಾನವಿದೆ. ಭಾಗೀರಥಿ ನದಿಯಲ್ಲಿ ಜಂಗೀಪುರದ ಕಡೆಯಿಂದ ಬಹರಾಂಪುರದ ಗೋರಾಬಜಾರ್ ಘಟ್ಟದವರೆಗೆ, ಮಳೆಗಾಲದ ತುಂಬು ಹರಿವಿನ ಜೊತೆಗೇ ಸಾಗುವ ಪಥ ಅದು. ಬೆಳಗ್ಗೆ ನೀರಿಗಿಳಿದವರು ಸಂಜೆ ಹೊತ್ತಿಗೆ ದಡ ಸೇರುತ್ತಾರೆ. ಗುಜರಾತಿನ ವೇರಾವಳ್ ಮತ್ತು ಪೋರಬಂದರ್, ಮುಂಬೈಯ ಗೇಟ್‌ವೇ ಆಫ್ ಇಂಡಿಯಾ, ಸಿಂಧುದುರ್ಗದ ಮಾಲ್ವಣದಲ್ಲಿರುವ ಚಿವ್ಲಾ ಕಡಲತೀರ ಪಶ್ಚಿಮ ಕರಾವಳಿಯ ಹೆಸರಾಂತ ತಾಣಗಳು. ಮಂಗಳೂರಿನ ತಣ್ಣೀರುಬಾವಿಯಲ್ಲೂ ಈಚಿನ ವರ್ಷಗಳಲ್ಲಿ ಕಡಲ ಈಜು ಮತ್ತು ಟ್ರಯಥ್ಲಾನ್ ನಡೆದಿವೆ. ಗೋವಾದ ಮಿರಾಮಾರ್‌ನಲ್ಲಿ 2019ರಲ್ಲಿ ಶುರುವಾದ ಅರ್ಧ ಐರನ್‌ಮ್ಯಾನ್‌ನ 1.9 ಕಿ.ಮೀ. ಕಡಲ ಈಜಿಗೆ ಬೆಂಗಳೂರು, ಪುಣೆಗಳ ಕೊಳಗಳಲ್ಲಿ ಪಳಗಿದವರು ಹೋಗಿ ಇಳಿಯುತ್ತಾರೆ. ಇಂಥ ಅನೇಕರಿಗೆ ಅಲೆಯ ಮೊದಲ ಪರಿಚಯ ಸ್ಪರ್ಧೆಯ ದಿನವೇ ಆಗುವುದುಂಟು. ಅದು ಹಾಗಾಗಬಾರದು; ಹಿಂದಿನ ದಿನ ಅದೇ ನೀರಿನಲ್ಲಿ ಮೇಲ್ವಿಚಾರಣೆಯ ಅಭ್ಯಾಸ ಈಜು ಇಡುವ ರೂಢಿ ಹುಟ್ಟಿರುವುದು ಇದಕ್ಕಾಗಿಯೇ.

ಪಥದ ರಚನೆ

ಪಥವನ್ನು ಗುರುತಿಸುವುದು ಲಂಗರು ಹಾಕಿ ನಿಲ್ಲಿಸಿದ ತೇಲುಗುರುತುಗಳಿಂದ. ಅವುಗಳಲ್ಲಿ ಎರಡು ಜಾತಿ. ಸುತ್ತಿ ಬರಲೇಬೇಕಾದ ತಿರುವಿನ ಗುರುತುಗಳು ಒಂದು ಬಣ್ಣದವು, ದಾರಿ ತೋರುವ ನಡುಗುರುತುಗಳು ಇನ್ನೊಂದು ಬಣ್ಣದವು. ಮುಕ್ತಾಯದ ಕಡೆಗೆ ಒಯ್ಯುವ ಕೊನೆಯ ಭಾಗವನ್ನು ಮತ್ತೂ ಬೇರೆ ಬಣ್ಣದ ಗುರುತುಗಳಿಂದ ಕಾಲುವೆಯಂತೆ ಕಟ್ಟಬೇಕು. ಪಥದ ಯಾವ ಬಿಂದುವಿನಲ್ಲೂ ಆಳ 1.40 ಮೀಟರ್‌ಗಿಂತ ಕಡಿಮೆ ಇರಕೂಡದು. ಅದಕ್ಕಿಂತ ಆಳ ಕಡಿಮೆಯಾದರೆ ಜನ ನಿಂತು ನಡೆಯಲು ತೊಡಗುತ್ತಾರೆ, ಧುಮುಕುವವರ ತಲೆಗೂ ಪೆಟ್ಟಾಗಬಹುದು. ತಳಕ್ಕೆ ಕಾಲು ಊರಿ ನಿಲ್ಲುವುದು ತಪ್ಪಲ್ಲ, ನಡೆಯುವುದು ಮತ್ತು ಕುಪ್ಪಳಿಸುವುದು ತಪ್ಪು.

ಆಕಾರದ ಆಯ್ಕೆ ನೀರಿನ ಸ್ವಭಾವವನ್ನು ನೋಡಿ ಆಗಬೇಕಾದದ್ದು. ಸುತ್ತು ಹಾಕುವ ಪಥದಲ್ಲಿ, ಅದು ತ್ರಿಕೋನವಿರಲಿ ಆಯತವಿರಲಿ, ಎಲ್ಲ ಈಜುಗಾರರೂ ಕಣ್ಣಳತೆಯೊಳಗೆ ಉಳಿಯುತ್ತಾರೆ, ಕಡಿಮೆ ದೋಣಿಗಳು ಸಾಕಾಗುತ್ತವೆ, ದಣಿದವರು ಒಂದು ಸುತ್ತಿಗೇ ನಿಲ್ಲಿಸಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಕಿ.ಮೀ. ಸೇನ್ ನದಿಯಲ್ಲಿ ಆರು ಸುತ್ತುಗಳಾಗಿ ನಡೆಯಿತು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ನೇರ ಪಥ ಪ್ರೇಕ್ಷಕರಿಗೆ ರೋಚಕ, ಸಂಘಟಕರಿಗೆ ತಲೆನೋವು: ಮೊದಲಿಗ ಮತ್ತು ಕೊನೆಯವರ ನಡುವೆ ಹಲವಾರು ಕಿಲೋಮೀಟರ್ ಹರಡಿಕೊಂಡ ಸಾಲಿಗೆ ಉದ್ದಕ್ಕೂ ಕಾವಲು ಬೇಕು.

ಹರಿಯುವ ನೀರಿನಲ್ಲಿ ಹೋಗಿ ಬರುವ ಪಥ ಹಾಕುವವರು ಒಂದು ಸಣ್ಣ ಲೆಕ್ಕ ಮಾಡಬೇಕು. ನಿಂತ ನೀರಿನಲ್ಲಿ ಗಂಟೆಗೆ 3 ಕಿ.ಮೀ. ಈಜುವವರಿಗೆ 1 ಕಿ.ಮೀ. ಹೋಗಿ 1 ಕಿ.ಮೀ. ಮರಳಲು 40 ನಿಮಿಷ ಸಾಕು. ಸೆಕೆಂಡಿಗೆ ಅರ್ಧ ಮೀಟರ್, ಅಂದರೆ ಗಂಟೆಗೆ 1.8 ಕಿ.ಮೀ. ಹರಿವಿದ್ದರೆ ಇಳಿಮುಖಕ್ಕೆ ಹನ್ನೆರಡೂವರೆ ನಿಮಿಷ, ಏರುಮುಖಕ್ಕೆ 50 ನಿಮಿಷ. ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟವನ್ನು ತುಂಬುವುದೇ ಇಲ್ಲ. ಇನ್ನು ಗಂಟೆಗೆ 2 ಕಿ.ಮೀ. ಈಜುವ ಹವ್ಯಾಸಿಯನ್ನು ಇದೇ ಪಥಕ್ಕೆ ಇಳಿಸಿ: ಏರುಮುಖದಲ್ಲಿ ಅವರಿಗೆ ಉಳಿಯುವುದು ಗಂಟೆಗೆ 200 ಮೀಟರ್, ಆ ಒಂದು ಕಿಲೋಮೀಟರಿಗೆ ಐದು ಗಂಟೆ. ಅಂದರೆ ಚುರುಕಾದವರಿಗೆ ಕಷ್ಟವೆನಿಸುವ ಸೆಳವು ನಿಧಾನದವರಿಗೆ ದಾಟಲಾಗದ ಗೋಡೆ. ಗಡುವಿನ ವೇಳೆಯನ್ನು ಸರಾಸರಿ ಈಜುಗಾರರ ಮೇಲೆ ಲೆಕ್ಕ ಹಾಕುವ ತಪ್ಪು ಇಲ್ಲಿ ಬಯಲಾಗುತ್ತದೆ. ಪ್ಯಾರಿಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಈಜುಗಾರರೂ ಏರುಮುಖದಲ್ಲಿ ದಂಡೆಯ ಕಲ್ಲುಗೋಡೆಗೆ ಅಂಟಿಕೊಂಡೇ ಸಾಗಿದರು. ಅಲ್ಲಿ ಹರಿವು ಕೊಂಚ ಸೌಮ್ಯ.

ಅಡ್ಡ ಸೆಳವಿನ ತೊಂದರೆ ಬೇರೆ ತೆರನಾದದ್ದು. ಸೆಕೆಂಡಿಗೆ 30 ಸೆಂ.ಮೀ. ವೇಗದ ಅಡ್ಡ ಹರಿವು, 1 ಕಿ.ಮೀ.ಯನ್ನು 20 ನಿಮಿಷದಲ್ಲಿ ಈಜುವವರನ್ನು ಅಷ್ಟರಲ್ಲಿ 360 ಮೀಟರ್ ಪಕ್ಕಕ್ಕೆ ಒಯ್ದಿರುತ್ತದೆ. ಎದುರಿನ ಗುರುತನ್ನೇ ನೋಡುತ್ತ ಈಜುವವರ ದಾರಿ ಬಿಲ್ಲಿನಂತೆ ಬಾಗುತ್ತದೆ. ದಡದ ಮೇಲಿನ ಎರಡು ವಸ್ತುಗಳನ್ನು, ಒಂದು ತೆಂಗಿನಮರ ಮತ್ತು ಅದರ ಹಿಂದಿನ ಗೋಪುರ ಇದ್ದಹಾಗೆ, ಒಂದೇ ಗೆರೆಯಲ್ಲಿ ಇಟ್ಟುಕೊಂಡು ಹೋಗುವುದು ಮೀನುಗಾರರ ಹಳೆಯ ಉಪಾಯ. ಈಜುಗಾರರಿಗೂ ಅದೇ ಸರಿ. ಸ್ಪರ್ಧೆಯ ಮುನ್ನಾದಿನದ ವಿವರಣೆ ಸಭೆಯಲ್ಲಿ ಇಂಥ ಜೋಡಿ ಗುರುತುಗಳನ್ನು ಚಿತ್ರಸಮೇತ ತೋರಿಸುವ ಸಂಘಟಕರು ಇನ್ನೂ ವಿರಳ.

ಗುರುತು ಎಷ್ಟು ಎತ್ತರವಿರಬೇಕು ಎಂಬುದಕ್ಕೂ ಲೆಕ್ಕವಿದೆ. ನೀರಿನಿಂದ 15 ಸೆಂ.ಮೀ. ಮೇಲೆ ಕಣ್ಣೆತ್ತಿದ ಈಜುಗಾರರಿಗೆ ದಿಗಂತ ಇರುವುದು ಸುಮಾರು 1.4 ಕಿ.ಮೀ. ದೂರದಲ್ಲಿ, ಅದೂ ನೀರು ಕನ್ನಡಿಯಂತಿದ್ದರೆ. 30 ಸೆಂ.ಮೀ. ಅಲೆ ಎದ್ದರೂ ಅಲೆಯ ತಗ್ಗಿನಲ್ಲಿ ಇರುವಾಗ ಎದುರಿನ ಅಲೆಯಾಚೆಗಿನ ಯಾವ ಗಿಡ್ಡ ವಸ್ತುವೂ ಕಾಣದು. ಸಣ್ಣ ಪ್ಲಾಸ್ಟಿಕ್ ಡಬ್ಬಿಗಳನ್ನು ಕಟ್ಟಿ ಪಥ ಹಾಕಿದರೆ ದೋಣಿಯ ಮೇಲೆ ನಿಂತ ಅಧಿಕಾರಿಗೆ ಅದು ಸ್ಪಷ್ಟ, ಈಜುವವರಿಗೆ ಮಾಯ. ಪಥವನ್ನು ಪರೀಕ್ಷಿಸುವವರು ದೋಣಿಯಿಂದ ಇಳಿದು ಒಮ್ಮೆ ಈಜಿ ನೋಡಬೇಕು.

ಸೂರ್ಯನ ದಿಕ್ಕನ್ನು ಮರೆಯುವುದು ಸರ್ವೇಸಾಮಾನ್ಯ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಕಡಲೊಳಕ್ಕೆ ಹೋಗುವಾಗ ಬೆಳಕು ಬೆನ್ನಿಗೆ, ಎಲ್ಲ ಸೊಗಸು. ತಿರುಗಿ ದಡಕ್ಕೆ ಬರುವಾಗ ಸೂರ್ಯ ನೇರ ಕಣ್ಣಿಗೆ, ಮುಕ್ತಾಯದ ಕಮಾನು ಆ ಝಳದಲ್ಲಿ ಕರಗಿಹೋಗುತ್ತದೆ. ದಡಕ್ಕೆ ಸಮಾನಾಂತರವಾಗಿ ದಕ್ಷಿಣೋತ್ತರ ಪಥ ಹಾಕಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಹಾಗೆಂದು ಹೊರಡುವ ಸಮಯವನ್ನು ತಡಮಾಡುವಂತಿಲ್ಲ: ಹೊತ್ತೇರಿದಂತೆ ನೆಲಗಾಳಿ ನಿಂತು ಕಡಲಗಾಳಿ ಏಳುತ್ತದೆ, ನೀರಿನ ಮೈ ಒರಟಾಗುತ್ತದೆ.

ಉಬ್ಬರ ಇಳಿತಗಳು ಜಾಗದಿಂದ ಜಾಗಕ್ಕೆ ಬೇರೆ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ನಾಲ್ಕು ಮೀಟರನ್ನೂ ಮೀರುತ್ತದೆ. ಮಂಗಳೂರಿನಲ್ಲಿ ಅದು ಎರಡು ಮೀಟರೊಳಗೇ. ಧರಮ್‌ತರ್ ಖಾರಿಯಿಂದ ಗೇಟ್‌ವೇಗೆ ಈಜುವ ಸುಮಾರು 36 ಕಿ.ಮೀ. ದಾರಿಯಲ್ಲಿ ಹೊರಡುವ ಗಳಿಗೆಯನ್ನು ಗಡಿಯಾರ ನಿರ್ಧರಿಸುವುದಿಲ್ಲ, ಇಳಿತದ ಪಟ್ಟಿ ನಿರ್ಧರಿಸುತ್ತದೆ. ಕನ್ನಡ ಕರಾವಳಿಯಲ್ಲಿ ಹೆಚ್ಚು ಹುಷಾರಾಗಿ ನೋಡಬೇಕಾದದ್ದು ಅಳಿವೆಗಳನ್ನು. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ನದಿಗಳು ಕಡಲು ಸೇರುವ ಬಾಯಿಯಲ್ಲಿ ನದಿಯ ಹರಿವೂ ಇಳಿತವೂ ಒಂದಾದಾಗ ಸೆಳವು ಹೊರಗೆ ನೂಕುತ್ತದೆ. ಮರಳದಂಡೆಗಳ ಜಾಗವೂ ಪ್ರತಿ ಮಳೆಗಾಲಕ್ಕೆ ಬದಲು. ಕಳೆದ ವರ್ಷದ ನಕ್ಷೆಯನ್ನು ಈ ವರ್ಷ ಹಾಗೆಯೇ ಬಳಸುವುದು ಅಳಿವೆಯ ಬಳಿ ನಡೆಯದ ಮಾತು.

ಗೋದಾವರಿಯ ಹಿನ್ನೀರು

ಮಹಾರಾಷ್ಟ್ರದ ಖುಲ್ತಾಬಾದ್‌ನಂಥ ಒಳನಾಡಿನ ಊರಿಗೆ ಕಡಲು ದೂರ. ರಾಷ್ಟ್ರಕೂಟರ ಕೈಲಾಸ ದೇಗುಲವಿರುವ ವೆರೂಳ್, ಅಂದರೆ ಎಲ್ಲೋರಾ, ಸೇರಿರುವ ಈ ತಾಲ್ಲೂಕಿನಲ್ಲಿ ಗುಡ್ಡಗಳೇ ಹೆಚ್ಚು; ಗಿರಿಜಾ ನದಿಯ ಮಧ್ಯಮ ಗಾತ್ರದ ಜಲಾಶಯ ಬಿಟ್ಟರೆ ಹೇಳಿಕೊಳ್ಳುವ ತೆರೆದ ನೀರಿಲ್ಲ. ಈ ಭಾಗದ ದೊಡ್ಡ ನೀರು ಎಂದರೆ ಛತ್ರಪತಿ ಸಂಭಾಜಿನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದ ಪೈಠಣದಲ್ಲಿ, ಗೋದಾವರಿಗೆ ಅಡ್ಡಲಾಗಿ ಕಟ್ಟಿದ ಜಾಯಕವಾಡಿ ಅಣೆಕಟ್ಟಿನ ನಾಥಸಾಗರ. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲಿಟ್ಟು 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಈ ಮಣ್ಣಿನ ಕಟ್ಟೆ ಸುಮಾರು 10 ಕಿ.ಮೀ. ಉದ್ದವಿದೆ, 27 ಗೇಟುಗಳಿವೆ. ಒಳನಾಡಿನಲ್ಲಿ ಈಜುಪಥ ಹಾಕುವವರು ಯಾವ ಯಾವ ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದಕ್ಕೆ ಈ ಜಲಾಶಯ ಒಳ್ಳೆಯ ಮಾದರಿ. ತುಂಗಭದ್ರೆಗೋ ಆಲಮಟ್ಟಿಗೋ ಇವನ್ನೇ ಅನ್ವಯಿಸಬಹುದು.

ನಾಥಸಾಗರದ ಹರವು ತುಂಬಿದಾಗ ಸುಮಾರು 350 ಚದರ ಕಿ.ಮೀ., ಸಂಗ್ರಹ ಸುಮಾರು 290 ಕೋಟಿ ಘನ ಮೀಟರ್. ಭಾಗಿಸಿದರೆ ಸರಾಸರಿ ಆಳ ಎಂಟು ಮೀಟರ್ ಚಿಲ್ಲರೆ. ಅಗಲಕ್ಕೆ ಹೋಲಿಸಿದರೆ ತೆಳುವಾದ ತಟ್ಟೆ ಇದು. ಬಯಲುಸೀಮೆಯ ಗಾಳಿಗೆ ಎದುರಿಲ್ಲದೆ ಮೈಲಿಗಟ್ಟಲೆ ಹರಡಿದ ಆಳವಿಲ್ಲದ ನೀರಿನಲ್ಲಿ ಗಿಡ್ಡ, ಕಡಿದಾದ, ಒತ್ತೊತ್ತಾದ ಅಲೆಗಳು ಬೇಗ ಏಳುತ್ತವೆ. ಉಸಿರೆಳೆಯುವ ಲಯಕ್ಕೆ ಕಡಲಿನ ಉದ್ದಲೆಗಳಿಗಿಂತ ಇವೇ ಹೆಚ್ಚು ಕಾಟ. ಬರದ ವರ್ಷಗಳಲ್ಲಿ ನೀರಿನ ಅಂಚು ಬಹುದೂರ ಹಿಂದಕ್ಕೆ ಸರಿದು ಕೆಸರುಬಯಲು ಹೊರಬೀಳುತ್ತದೆ. ಜನವರಿಯಲ್ಲಿ ಅಳೆದ 1.40 ಮೀಟರ್ ಆಳ ಏಪ್ರಿಲ್‌ನಲ್ಲಿ ಇರುತ್ತದೆಂಬ ಭರವಸೆಯಿಲ್ಲ.

ಆಳದ ಕಡೆ ನೋಡಿದರೆ ಮುಳುಗಡೆಯಾದ ಊರುಗಳು. ಗೋಡೆ, ಬಾವಿಯ ಕಟ್ಟೆ, ಕಡಿಯದೆ ಬಿಟ್ಟ ಮರದ ಬೊಡ್ಡೆ, ಮುಳ್ಳುತಂತಿ ಎಲ್ಲವೂ ಹಿನ್ನೀರಿನ ತಳದಲ್ಲಿ ಇರುತ್ತವೆ, ನೀರು ತಗ್ಗಿದಾಗ ಕೈಗೆ ತಾಗುತ್ತವೆ. ಇವುಗಳಿಗಿಂತ ಕೆಟ್ಟದ್ದು ಮೀನಿನ ಬಲೆ. ತೆಳ್ಳನೆಯ ನೈಲಾನ್ ದಾರದ ಬಲೆ ನೀರಿನಲ್ಲಿ ಕಾಣುವುದಿಲ್ಲ, ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ಬಲೆ ಎಲ್ಲಿ ಬಿಟ್ಟಿದೆ ಎಂಬುದು ಯಾವ ಇಲಾಖೆಯ ಕಡತದಲ್ಲೂ ಇಲ್ಲ. ಅದು ಗೊತ್ತಿರುವುದು ಬಿಟ್ಟವರಿಗೆ ಮಾತ್ರ. ಆ ಜಲಾಶಯದ ಮೀನುಗಾರರ ಸಹಕಾರ ಸಂಘವನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಂಡು, ಅವರ ದೋಣಿಗಳನ್ನೂ ಕಣ್ಣುಗಳನ್ನೂ ಕೂಲಿ ಕೊಟ್ಟು ಬಳಸಿಕೊಳ್ಳುವುದು ಹೊರಗಿನಿಂದ ತರಿಸುವ ದುಬಾರಿ ಸಲಕರಣೆಗಿಂತ ಉಪಯುಕ್ತ. ಕರಾವಳಿಯಲ್ಲಿ ಮೊಗವೀರರ, ಖಾರ್ವಿಗಳ ವಿಷಯದಲ್ಲೂ ಇದೇ ಮಾತು.

ಜಲಾಶಯದ ನೀರು ನಿಂತಂತೆ ಕಂಡರೂ ನಿಂತಿರುವುದಿಲ್ಲ. ನಾಥಸಾಗರಕ್ಕೆ ಬರುವ ನೀರಿನ ದೊಡ್ಡ ಪಾಲು ಮೇಲಿನ ನಾಸಿಕ ಜಿಲ್ಲೆಯ ಘಟ್ಟದ ಮಳೆಯದು. ಗಂಗಾಪುರ, ದಾರಣಾ ಅಣೆಕಟ್ಟುಗಳಿಂದ ಬಿಟ್ಟ ನೀರು ನಾಂದೂರ್ ಮಧ್ಯಮೇಶ್ವರವನ್ನು ದಾಟಿ ಕೆಳಗೆ ಬರುತ್ತದೆ. ನಾಸಿಕದಲ್ಲಿ ಮಳೆ ಸುರಿಯುವಾಗ ಪೈಠಣದಲ್ಲಿ ಬಿಸಿಲಿರಬಹುದು. ಇಲ್ಲಿನ ಆಕಾಶ ನೋಡಿ ಇಲ್ಲಿನ ನೀರನ್ನು ಅಂದಾಜು ಮಾಡುವಂತಿಲ್ಲ. ನಾಸಿಕದವರು ರಾಮಕುಂಡದ ಬಳಿಯ ದುತೋಂಡ್ಯಾ ಮಾರುತಿಯ ವಿಗ್ರಹವನ್ನೇ ಪ್ರವಾಹದ ಅಳತೆಗೋಲು ಮಾಡಿಕೊಂಡಿದ್ದಾರೆ: ನೀರು ಮಾರುತಿಯ ಮಂಡಿಗೆ ಬಂತೇ, ಸೊಂಟಕ್ಕೆ ಬಂತೇ, ಕೊರಳಿಗೆ ಬಂತೇ ಎಂದು ಊರೆಲ್ಲ ವಿಚಾರಿಸುತ್ತದೆ. ಕೆಳಗಿನ ಜಲಾಶಯದಲ್ಲಿ ಸ್ಪರ್ಧೆ ನಡೆಸುವವರಿಗೆ ಆ ಸುದ್ದಿ ಹವಾಮಾನ ವರದಿಯಷ್ಟೇ ಮುಖ್ಯ. ಗೇಟು, ತೂಬು, ವಿದ್ಯುದಾಗಾರದ ನೀರು ಸೇದುವ ಬಾಯಿಗಳಿಂದ ಪಥ ಬಹುದೂರ ಇರಬೇಕು; ಸ್ಪರ್ಧೆಯ ಅವಧಿಯಲ್ಲಿ ಗೇಟು ತೆರೆಯುವುದಿಲ್ಲ ಎಂಬ ಲಿಖಿತ ಒಪ್ಪಿಗೆಯನ್ನು ಜಲಸಂಪನ್ಮೂಲ ಇಲಾಖೆಯಿಂದ ಪಡೆಯಬೇಕು. ಕಾಗದ ಕೈಯಲ್ಲಿದ್ದರೂ ನೆಮ್ಮದಿಯಿಂದ ಕೂರುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಯಾರ ಅಪ್ಪಣೆಗೂ ಕಾಯದೆ ನೀರು ಹೊರಟಿತ್ತು.

ಮಳೆ ನಿಂತು ನೀರು ತಿಳಿಯಾದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ, ಸ್ಪರ್ಧೆಗೆ ಸರಿಯಾದ ಕಾಲ. ಆದರೆ ನಾಥಸಾಗರ 1986ರಿಂದ ಪಕ್ಷಿಧಾಮ. ವಲಸೆ ಹಕ್ಕಿಗಳು ಬಂದಿಳಿಯುವುದೂ ಅದೇ ಚಳಿಗಾಲದಲ್ಲಿ. ಮೋಟಾರು ದೋಣಿ, ಧ್ವನಿವರ್ಧಕ, ನೂರಾರು ಜನ ಸೇರುವ ಕೂಟಕ್ಕೆ ಅರಣ್ಯ ಇಲಾಖೆ ಇಲ್ಲ ಎಂದರೆ ಅದರಲ್ಲಿ ತಪ್ಪೇನಿಲ್ಲ. ಎಲ್ಲ ನೀರೂ ಈಜುಸ್ಪರ್ಧೆಗಾಗಿ ಇರುವುದಲ್ಲ.

ಶಾಖ

ಈ ಕ್ರೀಡೆಯ ಸುರಕ್ಷತಾ ಸಾಹಿತ್ಯ ಬಹುಪಾಲು ಚಳಿದೇಶಗಳಲ್ಲಿ ಹುಟ್ಟಿದ್ದು. ತಣ್ಣೀರಿನ ಮೊದಲ ಆಘಾತ, ಮೈ ಮರಗಟ್ಟುವಿಕೆ, ಒಳಶಾಖ 35 ಡಿಗ್ರಿಗಿಂತ ಇಳಿಯುವಿಕೆ ಇವೆಲ್ಲ ಅಲ್ಲಿನ ಭಯಗಳು. ದಖ್ಖನ್ನಿನಲ್ಲಿ, ಕರಾವಳಿಯಲ್ಲಿ ಭಯಪಡಬೇಕಾದದ್ದು ಅದಕ್ಕೆ ತದ್ವಿರುದ್ಧ. 2010ರ ಅಕ್ಟೋಬರ್ 23ರಂದು ಯುಎಇಯ ಫುಜೈರಾದಲ್ಲಿ ನಡೆದ 10 ಕಿ.ಮೀ. ವಿಶ್ವಕಪ್ ಸ್ಪರ್ಧೆಯಲ್ಲಿ ಅಮೆರಿಕದ 26 ವರ್ಷದ ಫ್ರಾನ್ ಕ್ರಿಪ್ಪನ್ ತೀರಿಕೊಂಡರು. ನೀರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಿತ್ತು. ಅವರು ದಡ ತಲುಪಿಲ್ಲ ಎಂಬುದನ್ನು ಗಮನಿಸಿದವರು ಜೊತೆಯ ಈಜುಗಾರರು. ದೇಹ ಸಿಕ್ಕಿದ್ದು ಸುಮಾರು ಎರಡು ಗಂಟೆಯ ನಂತರ, ಮುಕ್ತಾಯಕ್ಕೆ ಕೆಲವೇ ನೂರು ಮೀಟರ್ ದೂರದಲ್ಲಿ. ಅಲ್ಲಿ ಶಾಖ ಎಷ್ಟು ದೋಷಿಯೋ ಎಣಿಕೆಯ ಕೊರತೆಯೂ ಅಷ್ಟೇ ದೋಷಿ.

ಈ ಸಾವಿನ ಬಳಿಕ ನಿಯಮಗಳು ಬಿಗಿಯಾದವು. ಈಗ ಸ್ಪರ್ಧೆಗೆ ನೀರಿನ ಶಾಖ 16ರಿಂದ 31 ಡಿಗ್ರಿಯೊಳಗೆ ಇರಬೇಕು. ಸ್ಪರ್ಧೆಯ ದಿನ, ಹೊರಡುವ ಎರಡು ಗಂಟೆ ಮುಂಚೆ, ಪಥದ ಮಧ್ಯದಲ್ಲಿ, 40 ಸೆಂ.ಮೀ. ಆಳದಲ್ಲಿ ಅಳೆಯಬೇಕು. 18 ಡಿಗ್ರಿಗಿಂತ ತಣ್ಣಗಿದ್ದರೆ ವೆಟ್‌ಸೂಟ್ ಕಡ್ಡಾಯ, 18ರಿಂದ 20ರವರೆಗೆ ಐಚ್ಛಿಕ. ಅದರ ಮೇಲೆ ಇಲ್ಲ. ನೆಲದ ಮೇಲೆ ಬೆವರು ಆರಿ ಮೈ ತಂಪಾಗುತ್ತದೆ. ನೀರೊಳಗೆ ಬೆವರು ಆರುವ ದಾರಿಯೇ ಇಲ್ಲ. ಸುತ್ತಲಿನ ನೀರು ಮೈಯಷ್ಟೇ ಬೆಚ್ಚಗಾಗುತ್ತ ಹೋದರೆ ಸ್ನಾಯುಗಳು ಹುಟ್ಟಿಸಿದ ಶಾಖ ಒಳಗೇ ಕೂಡಿಕೊಳ್ಳುತ್ತದೆ. ಬಾಯಾರಿಕೆ ಗೊತ್ತಾಗದು, ಬೆವರು ಕಾಣದು, ಕೊನೆಗೆ ದಿಕ್ಕು ತಪ್ಪಿ ಈಜುವುದು ಮಾತ್ರ ಹೊರಗಿನವರಿಗೆ ಕಾಣುವ ಲಕ್ಷಣ. ನೇರ ಈಜುತ್ತಿದ್ದವರು ಇದ್ದಕ್ಕಿದ್ದಂತೆ ಅಂಕುಡೊಂಕಾದರೆ ಕಾವಲು ದೋಣಿ ಕೂಡಲೇ ಹತ್ತಿರ ಹೋಗಿ ಹೆಸರು, ಊರು ಕೇಳಬೇಕು. ಟೋಕಿಯೋ ಒಲಿಂಪಿಕ್ಸ್‌ನ 10 ಕಿ.ಮೀ. ಬೆಳಗ್ಗೆ ಆರೂವರೆಗೆ ಶುರುವಾದದ್ದು ಸೆಕೆಯ ಅಂಜಿಕೆಯಿಂದಲೇ. ನಮ್ಮಲ್ಲಿ ಅತಿಥಿಗಳ ಭಾಷಣ ಮುಗಿಯುವವರೆಗೆ ಈಜುಗಾರರು ಬಿಸಿಲಲ್ಲಿ ಸಾಲುನಿಂತ ಸಮಾರಂಭಗಳಿವೆ. ಉದ್ಘಾಟನೆಯನ್ನು ಬಹುಮಾನ ವಿತರಣೆಯ ಜೊತೆ ಸೇರಿಸಿಬಿಡುವುದು ಸುರಕ್ಷತಾ ಕ್ರಮವೇ.

ಕುಡಿಯಲು ಕೊಡುವುದಕ್ಕೆ ನಿಲ್ಲಿಸಿದ ತೆಪ್ಪ ಅಥವಾ ದೋಣಿಯಿಂದ ಉದ್ದ ಕೋಲಿಗೆ ಲೋಟ ಕಟ್ಟಿ ಚಾಚುತ್ತಾರೆ. ಕೋಲು 5 ಮೀಟರ್ ಮೀರಬಾರದು. ಈಜುವವರು ಕೋಲು ಹಿಡಿದು ನೇತಾಡುವಂತಿಲ್ಲ.

ನೀರಿನ ಗುಣ, ಜೀವಿಗಳು, ಸಿಡಿಲು

ಒಳನಾಡಿನ ನೀರಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ 100 ಮಿ.ಲೀ.ಗೆ 1000 ಇ. ಕೋಲಿ ಮತ್ತು 400 ಎಂಟರೊಕಾಕೈ ಬ್ಯಾಕ್ಟೀರಿಯಾ. ಕಡಲಿಗೆ ಇದರ ಅರ್ಧ. ಪ್ಯಾರಿಸ್‌ನಲ್ಲಿ ಮಳೆಯ ನಂತರ ಎಣಿಕೆ ಏರಿ ಅಭ್ಯಾಸದ ದಿನವೇ ರದ್ದಾಯಿತು. ಚರಂಡಿ ನೀರು ಸೇರುವ ನಮ್ಮ ನದಿಗಳಲ್ಲಿ ಒಂದೇ ದಿನದ ಮಾದರಿಗೆ ಬೆಲೆಯಿಲ್ಲ; ವಾರಗಟ್ಟಲೆ, ಮಳೆಗೆ ಮುಂಚೆ ಮತ್ತು ನಂತರ, ಅಳೆಯಬೇಕು. ಕರ್ನಾಟಕದಲ್ಲಿ ಹೊನ್ನಾವರ ಬಳಿಯ ಕಾಸರಕೋಡು ಮತ್ತು ಪಡುಬಿದ್ರಿ ಕಡಲತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ನಿಯಮಿತ ನೀರು ಪರೀಕ್ಷೆಯೂ ಜೀವರಕ್ಷಕರೂ ಆ ಮಾನ್ಯತೆಯ ಷರತ್ತುಗಳಾದ್ದರಿಂದ ಇಂಥ ತೀರಗಳಲ್ಲಿ ಆಯೋಜಕರ ಕೆಲಸ ಅರ್ಧ ಹಗುರ.

ಕೃಷ್ಣಾ ನದಿಯಲ್ಲಿ ಸಾಂಗ್ಲಿಯ ಸುತ್ತ, ಕಾಳಿಯಲ್ಲಿ ದಾಂಡೇಲಿಯ ಸುತ್ತ ಮೊಸಳೆಗಳಿವೆ. ಅಂಥಲ್ಲಿ ಪಥದ ಪ್ರಶ್ನೆಯೇ ಏಳದು. ಕಡಲಲ್ಲಿ ಜೆಲ್ಲಿಮೀನು ಕುಟುಕಿದರೆ ಉಜ್ಜದೆ, ಸಿಹಿನೀರು ಹಾಕದೆ, ಕಡಲನೀರಿನಿಂದಲೇ ತೊಳೆದು ಅಂಟಿದ ಎಳೆಗಳನ್ನು ತೆಗೆಯಬೇಕು. ಮುಂಬೈ ತೀರದಲ್ಲಿ ಮಳೆಗಾಲಕ್ಕೆ ಬರುವ ನೀಲಿ ಬಾಟಲ್ ಜೀವಿ ಒಣಗಿ ಬಿದ್ದಾಗಲೂ ಕುಟುಕಬಲ್ಲದು. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಮತ್ತು ಹಿಂಗಾರಿನ ಅಕ್ಟೋಬರ್ ದಖ್ಖನ್ನಿನಲ್ಲಿ ಗುಡುಗಿನ ತಿಂಗಳುಗಳು. ಗುಡುಗು ಕೇಳಿದೊಡನೆ ನೀರು ಖಾಲಿಯಾಗಬೇಕು. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯದೆ ಮರಳಿ ಇಳಿಸಬಾರದು.

ಎಣಿಕೆ, ದೋಣಿ, ರಕ್ಷಣೆ

ನೀರಿಗಿಳಿದವರ ಸಂಖ್ಯೆ ಮತ್ತು ಹೊರಬಂದವರ ಸಂಖ್ಯೆ ತಾಳೆಯಾಗಬೇಕು. ಇಷ್ಟು ಸರಳವಾದದ್ದೇ ಹೆಚ್ಚು ತಪ್ಪುವುದು. ನೋಂದಾಯಿಸಿ ಬಾರದವರು, ಬಂದು ಇಳಿಯದವರು, ಮಧ್ಯದಲ್ಲಿ ಬೇರೆ ಕಡೆ ದಡ ಹತ್ತಿ ಮನೆಗೆ ಹೋದವರು ಎಲ್ಲ ಸೇರಿ ಪಟ್ಟಿ ಕಲಸುತ್ತದೆ. ಆದ್ದರಿಂದ ನೀರಿನ ಅಂಚಿನಲ್ಲೇ ಒಂದೇ ದ್ವಾರ ಇಟ್ಟು, ಸಂಖ್ಯೆಯನ್ನು ತೋಳು, ಕೈ, ಬೆನ್ನಿನ ಮೇಲೆ ಬರೆದು, ದಾಟಿದವರನ್ನಷ್ಟೇ ಎಣಿಸುತ್ತಾರೆ. ಮಣಿಕಟ್ಟಿನ ವಿದ್ಯುನ್ಮಾನ ಚಿಪ್ ವೇಳೆ ಅಳೆಯಲು ಚೆನ್ನು, ಆದರೆ ತಿರುವಿನ ದೋಣಿಯಲ್ಲಿ ಪೆನ್ಸಿಲ್ ಹಿಡಿದು ಕೂತ ಎಣಿಕೆಗಾರರ ಬದಲಿಗೆ ಅದು ನಿಲ್ಲಲಾರದು. ಗಾಢ ಬಣ್ಣದ ಟೋಪಿ ಮತ್ತು ಹವ್ಯಾಸಿಗಳ ಸೊಂಟಕ್ಕೆ ಕಟ್ಟಿದ ತೇಲುಚೀಲ ಎಣಿಸುವವರ ಕಣ್ಣಿಗೆ ಉಪಕಾರಿ. ನೂರಾರು ಜನರನ್ನು ಒಂದೇ ಸಲ ಬಿಡುವ ಬದಲು ತಂಡತಂಡವಾಗಿ ಬಿಟ್ಟರೆ, ಮೊದಲ ತಿರುವನ್ನು ಆದಷ್ಟು ದೂರ ಇಟ್ಟರೆ ಅಲ್ಲಿನ ಒದೆತ, ಮುಗಿಬೀಳುವಿಕೆ ತಗ್ಗುತ್ತದೆ.

ಈಜುಗಾರರ ನಡುವೆ ಓಡಾಡಲು ಕಯಾಕ್ ಮತ್ತು ಹುಟ್ಟುದೋಣಿ; ಮೋಟಾರು ದೋಣಿ ಹೊರವಲಯಕ್ಕೆ ಮಾತ್ರ. ಈಜುಗಾರರ ಹತ್ತಿರ ಬಂದಾಗ ಎಂಜಿನ್ ನಿಲ್ಲಿಸಬೇಕು, ಏಕೆಂದರೆ ಪ್ರೊಪೆಲರ್ ಮಾಡುವ ಗಾಯ ನೀರು ಮಾಡುವ ಅಪಾಯಕ್ಕಿಂತ ಕಡಿಮೆಯದಲ್ಲ. ಅಧಿಕಾರಿಗಳ ದೋಣಿಯಲ್ಲಿ ಹಳದಿ ಮತ್ತು ಕೆಂಪು ಬಾವುಟ ಇರುತ್ತವೆ: ಅಡ್ಡಿ ಮಾಡಿದವರಿಗೆ ಮೊದಲು ಹಳದಿ, ಮತ್ತೆ ಮಾಡಿದರೆ ಕೆಂಪು, ಅಲ್ಲಿಗೆ ಸ್ಪರ್ಧೆ ಮುಗಿಯಿತು. ಗಡುವು ಮೊದಲಿಗರು ಮುಗಿಸಿದ ಗಳಿಗೆಯಿಂದ ಲೆಕ್ಕ: 25 ಕಿ.ಮೀ.ಗಿಂತ ಕಡಿಮೆಯ ಸ್ಪರ್ಧೆಗಳಲ್ಲಿ ಪ್ರತಿ 5 ಕಿ.ಮೀ.ಗೆ 15 ನಿಮಿಷ. ಸ್ಪರ್ಧಿಗಳ ಕನಿಷ್ಠ ವಯಸ್ಸು 14. ಹವ್ಯಾಸಿ ಕೂಟಗಳು ಗಡುವನ್ನು ಸಡಿಲಿಸುತ್ತವೆ. ವಯಸ್ಸನ್ನು ಸಡಿಲಿಸುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ, ಪುಟ್ಟ ಮಕ್ಕಳ ದಾಖಲೆಗೆ ಪತ್ರಿಕೆಗಳು ಎಷ್ಟೇ ಚಪ್ಪಾಳೆ ತಟ್ಟಲಿ.

ಮುಳುಗುವವರು ಸಿನಿಮಾದಲ್ಲಿ ತೋರಿಸಿದಂತೆ ಕೂಗಿ ಕೈಬೀಸುವುದು ಅಪರೂಪ. ಬಾಯಿ ನೀರಿನ ಮಟ್ಟಕ್ಕೆ ಬಂದಮೇಲೆ ಕೂಗಲು ಉಸಿರಿರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಮೈ ನೆಟ್ಟಗಾಗಿ, ಸದ್ದಿಲ್ಲದೆ ಇಳಿಯುತ್ತಾರೆ. ಮೇಲೆತ್ತಿದ ಮೇಲೆ ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕು. ಇಲ್ಲಿ ಹೃದಯ ನಿಂತಿರುವುದು ಆಮ್ಲಜನಕ ಸಿಗದೆ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಅಮೂಲ್ಯ ನಿಮಿಷಗಳನ್ನು ತಿನ್ನುತ್ತವೆ, ಕಕ್ಕಿದ್ದು ಶ್ವಾಸಕೋಶಕ್ಕೂ ಹೋಗುತ್ತದೆ. ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿಯನ್ನು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಹೆತ್ತವರು ಮಕ್ಕಳ ಮೈಮೇಲೆ ಚೀಲಗಟ್ಟಲೆ ಉಪ್ಪು ಸುರಿದು ಗಂಟೆಗಟ್ಟಲೆ ಕಾದದ್ದುಂಟು. ಅದಕ್ಕೆ ಯಾವ ವೈದ್ಯಕೀಯ ಆಧಾರವೂ ಇಲ್ಲ. ಕೆಮ್ಮುತ್ತ, ನೊರೆಯುಗುಳುತ್ತ ಹೊರಬಂದವರು ಸುಧಾರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ನಿಗಾದಲ್ಲಿ ಇರಬೇಕು.

ಸ್ಪರ್ಧೆಯ ಮೇಲಿನ ನಿಗಾ ಬಹುಮಾನದ ದಿನಕ್ಕೆ ಮುಗಿಯುವುದಿಲ್ಲ. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಸರೋವರದಲ್ಲಿ ಟ್ರಯಥ್ಲಾನ್ ಈಜಿದವರಲ್ಲೂ, 2000ದಲ್ಲಿ ಮಲೇಷ್ಯಾದ ಸಬಾದಲ್ಲಿ ಸಾಹಸ ಸ್ಪರ್ಧೆಯಲ್ಲಿ ನದಿ ದಾಟಿದವರಲ್ಲೂ ಇಲಿಜ್ವರ ಹರಡಿತು. ಜಾನುವಾರು, ಇಲಿಗಳ ಮೂತ್ರ ಸೇರಿದ ಮಳೆನೀರಿನಿಂದ ಬರುವ ಈ ಕಾಯಿಲೆ ನಮ್ಮ ಕರಾವಳಿಗೂ ಮಲೆನಾಡಿಗೂ ಹೊಸದಲ್ಲ. ಲಕ್ಷಣಗಳು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ, ಕೆಲವೊಮ್ಮೆ ತಿಂಗಳು ಕಳೆದು, ಜ್ವರ, ಮೀನಖಂಡದ ನೋವು, ಕೆಂಗಣ್ಣಾಗಿ ಕಾಣಿಸಿಕೊಳ್ಳುತ್ತವೆ. ಅಷ್ಟು ಹೊತ್ತಿಗೆ ಈಜುಗಾರರು ತಮ್ಮ ತಮ್ಮ ಊರು ಸೇರಿರುತ್ತಾರೆ. ಅದರಿಂದಾಗಿ ಎಲ್ಲರ ದೂರವಾಣಿ ಸಂಖ್ಯೆಯನ್ನು ಆಯೋಜಕರು ಒಂದು ತಿಂಗಳಾದರೂ ಕಾಪಾಡಿ, ಒಬ್ಬರಿಗೆ ಜ್ವರ ಬಂದ ಸುದ್ದಿ ಸಿಕ್ಕರೆ ಉಳಿದವರಿಗೆಲ್ಲ ತಿಳಿಸಬೇಕು. ಜ್ವರ ಬಂದವರು ವೈದ್ಯರ ಮುಂದೆ ಯಾವ ನೀರಿನಲ್ಲಿ, ಯಾವ ದಿನ ಈಜಿದೆವೆಂದು ಹೇಳಬೇಕು. ಅದೊಂದು ವಿವರ ಸಿಕ್ಕರೆ ಪರೀಕ್ಷೆ ಮತ್ತು ಔಷಧಿ ಎರಡೂ ಬೇಗ ಶುರುವಾಗುತ್ತವೆ.